ನಲವತ್ತೊಂದು ಹೆಸರುಗಳ ಆಹ್ವಾನ ಪತ್ರಿಕೆ

ನೆಲಮಂಗಲ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಜೆರಾಕ್ಸ್ ಅಂಗಡಿ. ಟೈಪಿಂಗು, ಲಗ್ನಪತ್ರಿಕೆ, ಬಾಡಿಗೆ ಕರಾರು, ಎಲ್ಲ ಮಾಡುತ್ತೇನೆ. ಇಪ್ಪತ್ತೆರಡು ವರ್ಷ, ಪ್ರತಿ ಮಂಗಳವಾರ, ಭಾನುಪ್ರಕಾಶನ ಹಾಸ್ಯ ಅಂಕಣವನ್ನೂ ಟೈಪು ಮಾಡಿದ್ದೇನೆ. ಮಾಡುವಾಗ ನಕ್ಕಿದ್ದೀಯಾ ಎಂದು ಕೇಳಿದರೆ ಸುಳ್ಳು ಹೇಳುವ ವಯಸ್ಸು ನನ್ನದಲ್ಲ. ಮೂರ್ನಾಲ್ಕು ಸಲ ನಕ್ಕಿರಬಹುದು.

ಭಾನು ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿದ್ದವನು. ಹಗಲೆಲ್ಲ ಮನೆಮನೆ ಸುತ್ತಿ ಬಿಲ್ಲು ಕೊಟ್ಟು, ಸಂಜೆ ನನ್ನ ಸ್ಟೂಲಿನ ಮೇಲೆ ಕೂತು ತಾಲ್ಲೂಕಿನ ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದ. ಅಷ್ಟು ಮನೆ ನೋಡಿದವನಿಗೆ ನಗೆಪಾಟಲಿನ ಸಂಗತಿಗಳಿಗೇನು ಬರವೇ? ಆದರೆ ಮೀಟರಿನ ಮನೆಯವರನ್ನು ಆಡಿಕೊಂಡರೆ ಮುಂದಿನ ತಿಂಗಳು ನಾಯಿ ಬಿಡುತ್ತಾರೆ ಎಂಬ ಭಯ. ಹಾಗಾಗಿ ಊರವರ ಎಡವಟ್ಟನ್ನೆಲ್ಲ ತನ್ನ ಹೆಂಡತಿಯ ತಲೆಗೆ ಕಟ್ಟುತ್ತಿದ್ದ. ಸಾರಿಗೆ ಎರಡು ಸಲ ಉಪ್ಪು ಹಾಕಿದವಳು, ಟೀವಿ ರಿಮೋಟನ್ನು ಕಿವಿಗಿಟ್ಟು ಹಲೋ ಎಂದವಳು, ಎಲ್ಲ ‘ನನ್ನಾಕೆ’ಯೇ. ಆ ಮನೆಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೇನೆ. ಪ್ರಮೋದಮ್ಮನವರ ಸಾರಿಗೆ ಉಪ್ಪು ಯಾವತ್ತೂ ಹದವಾಗಿಯೇ ಇತ್ತು.

ಅವರು ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ಕೊಡುವವರು. ಮಾತು ಕಡಿಮೆ. ಪತ್ರಿಕೆ ಬಂದ ದಿನ ಭಾನು ಅಂಕಣವನ್ನು ಅವರೆದುರು ಜೋರಾಗಿ ಓದುತ್ತಿದ್ದನಂತೆ. ಮುಗಿದ ಮೇಲೆ ಅವರು ದಾರ ಕಡಿದು, ಆಯ್ತಾ, ಊಟಕ್ಕೆ ಏಳಿ ಎನ್ನುತ್ತಿದ್ದರಂತೆ. ಒಂದು ಸಲವೂ ನಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಬಿಡಪ್ಪಾ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಅವನಿಗೆ ಅದು ಒಳಗೇ ಕೊರೆಯುತ್ತಿತ್ತು.

ನಿವೃತ್ತಿಯಾದ ಮೇಲೆ ಒಂದು ದಿನ ಬಂದು, ಪುಸ್ತಕ ಮಾಡುತ್ತೇನೆ ಎಂದ. ಬೇಡವೋ ಎಂದೆ. ಕೇಳುವ ಆಸಾಮಿಯಲ್ಲ.

“ಪೇಪರಲ್ಲಿ ಚೂರುಚೂರು ಕೇಳಿದ್ರೆ ಏನ್ ಗೊತ್ತಾಗುತ್ತೆ ಖಲೀಲಣ್ಣ? ರಟ್ಟು ಹಾಕ್ಸಿ, ಸ್ಟೇಜಲ್ಲಿ ಬಿಡುಗಡೆ ಮಾಡಿ, ನಾಲ್ಕು ಜನ ಹೊಗಳಿದ್ರೆ ಅವಳೂ ನಗ್ತಾಳೆ. ಅವಳೊಬ್ಬಳು ನಕ್ರೆ ಸಾಕು ನಂಗೆ.”

ಐನೂರು ಪ್ರತಿ ಹಾಕಿಸಿದ. ಪ್ರಕಾಶಕನೂ ಅವನೇ, ಮಾರುವವನೂ ಅವನೇ, ಹೊರುವವನೂ ಅವನೇ. ವಾಟ್ಸಾಪಿನಲ್ಲಿ ಮುಖಪುಟ ಹಾಕಿದರೆ ಕೈಮುಗಿದ ಚಿತ್ರಗಳು ಬಂದವು, ಹೂಗುಚ್ಛದ ಚಿತ್ರಗಳು ಬಂದವು, ಪುಸ್ತಕ ಬೇಕು ಎಂದು ಒಬ್ಬರೂ ಬರೆಯಲಿಲ್ಲ. ಮುಂಗಡವಾಗಿ ಹೆಸರು ಬರೆಸಿಕೊಳ್ಳಲು ಹಳೆಯ ಮೀಟರ್ ದಾರಿಯಲ್ಲೇ ಹೊರಟ. ಬಾಗಿಲು ತೆರೆದವರು ಅವನ ಮುಖ ನೋಡಿ, ಬಿಲ್ ಕಟ್ಟಿದ್ದೀವಲ್ಲ ಎಂದರಂತೆ. ಪುಸ್ತಕದ ವಿಷಯ ಎಂದರೆ, ಹಂಗಾದ್ರೆ ನಮ್ಮದೊಂದು ಕಾಪಿ ಎತ್ತಿಡಿ ಸಾರ್, ಓದಿ ಹೇಳ್ತೀವಿ ಎಂದರಂತೆ. ಬಿಸಿಲಿನಲ್ಲಿ ಸುತ್ತಿ ಬಂದು ನನ್ನ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ. ನೋಡಿ ನನಗೇ ಸುಸ್ತಾಗುತ್ತಿತ್ತು.

ಆಗ ಯಾರೋ ಪುಣ್ಯಾತ್ಮರು ಅವನಿಗೆ ಉಪಾಯ ಹೇಳಿಕೊಟ್ಟರು. ಆಹ್ವಾನ ಪತ್ರಿಕೆಯಲ್ಲಿ ಒಬ್ಬನ ಹೆಸರು ಹಾಕಿದರೆ ಅವನ ಹಿಂದೆ ಹತ್ತು ಜನ ಬರುತ್ತಾರಂತೆ. ನಮ್ಮ ಕಡೆ ಯಾವ ಸಭೆಯ ಕಾರ್ಡು ನೋಡಿದರೂ ಇದೇ ಲೆಕ್ಕಾಚಾರ. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ದಿನಕ್ಕೆ ಮೂರು ಹೆಸರು ಸೇರಿಸುತ್ತಾ ಬಂದ. ಹಾಲಿನ ಡೈರಿಯವರು, ಸಂಘದವರು, ಲಾರಿ ಮಾಲೀಕರು, ಕೊನೆಗೆ ‘ಅಕ್ಷರ ಜೋಡಣೆ: ಖಲೀಲುಲ್ಲಾ’. ಅಕ್ಷರ ಸಣ್ಣದು ಮಾಡಿ ಮಾಡಿ ಇರುವೆ ಸಾಲಿನಂತಾಯಿತು. ಒಟ್ಟು ನಲವತ್ತೊಂದು ಹೆಸರು. ನಾಲ್ಕು ಸಲ ತಿದ್ದಿದೆ. ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಕಾರ್ಯಕ್ರಮ. ಭವನದ ಕುರ್ಚಿಗಳೆಲ್ಲ ಯಾವುದೋ ನಾಮಕರಣಕ್ಕೆ ಹೋಗಿ, ಕಾವಲುಗಾರ ಅಪ್ಪಯ್ಯಣ್ಣನ ಬಳಿ ಉಳಿದದ್ದು ನಲವತ್ತೇ. ವೇದಿಕೆ ಮೇಲೆ ಹನ್ನೆರಡು, ಕೆಳಗೆ ಇಪ್ಪತ್ತೆಂಟು ಹಾಕಿದ್ದ. ಬಂದವರಲ್ಲಿ ಬಹುಪಾಲು ಕಾರ್ಡಿನಲ್ಲಿ ಹೆಸರಿದ್ದವರೇ. ಒಬ್ಬರ ಹಿಂದೆಯೂ ಹತ್ತು ಜನ ಇರಲಿಲ್ಲ, ಒಬ್ಬರೂ ಇರಲಿಲ್ಲ. ಹೆಸರಿದ್ದವನು ಕೆಳಗೆ ಕೂರುತ್ತಾನೆಯೇ? ಒಬ್ಬೊಬ್ಬರೂ ಮೆಟ್ಟಿಲು ಹತ್ತಿದರು. ಒಬ್ಬೊಬ್ಬರಿಗೂ ಅಪ್ಪಯ್ಯಣ್ಣ ಕೆಳಗಿನಿಂದ ಒಂದು ಕುರ್ಚಿ ಎತ್ತಿ ಮೇಲೆ ಹಾಕಿದ. ವೇದಿಕೆ ತುಂಬಿತು, ಸಭೆ ಖಾಲಿಯಾಯಿತು. ಮೇಲೆ ಮೂವತ್ತೊಂದು ಜನ, ಕೆಳಗೆ ಪ್ರಮೋದಮ್ಮ, ಕಾರ್ಡಿನ ಕೊನೆಯ ಸಾಲಿನ ನಾನು, ಹೆಸರಿಲ್ಲದ ಇನ್ನೇಳು ಮಂದಿ. ಎಲ್ಲರಿಗೂ ಕುರ್ಚಿ ಸರಿಹೋಯಿತು ಎನ್ನುವಷ್ಟರಲ್ಲಿ ವಿಶೇಷ ಆಹ್ವಾನಿತರಲ್ಲಿ ಇನ್ನೊಬ್ಬರು ಬಂದರು.

ಅಪ್ಪಯ್ಯಣ್ಣ ನೇರ ಪ್ರಮೋದಮ್ಮನವರ ಹತ್ತಿರ ಬಂದ.

“ಅಕ್ಕಾ, ನೀವು ಮನೆಯವ್ರು ತಾನೆ, ಸ್ವಲ್ಪ ಎದ್ದೇಳಿ. ಮೇಲೆ ಒಂದು ಕಮ್ಮಿ ಐತೆ.”

ನಾನು ಏಳುವುದರೊಳಗೆ ಅವರು ಎದ್ದು ಕುರ್ಚಿ ಕೊಟ್ಟುಬಿಟ್ಟರು. ಗೋಡೆಗೆ ಒರಗಿ ನಿಂತು ವೇದಿಕೆ ಕಡೆ ನೋಡಿದರು. ಮೂವತ್ತೆರಡು ಜನ ಮೊಣಕೈಗೆ ಮೊಣಕೈ ತಾಗಿಸಿ, ಶಾಲು ಹೊದ್ದು, ಖಾಲಿ ನೆಲವನ್ನು ಗಂಭೀರವಾಗಿ ನೋಡುತ್ತಿದ್ದರು. ಅವರ ನಡುವೆ ಭಾನು. ಪ್ರಮೋದಮ್ಮ ನಕ್ಕರು. ಮೊದಲು ಸೆರಗು ಅಡ್ಡ ಹಿಡಿದು, ಆಮೇಲೆ ತಡೆಯಲಾರದೆ, ಕಣ್ಣಲ್ಲಿ ನೀರು ಬರುವ ತನಕ. ಭಾನು ಮೇಲಿಂದ ಅದನ್ನೇ ನೋಡುತ್ತಿದ್ದ. ಭಾಷಣಗಳು ಎರಡೂವರೆ ತಾಸು ನಡೆದವು. ಒಂದನ್ನೂ ಅವನು ಕೇಳಿಸಿಕೊಳ್ಳಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಎಲ್ಲರೂ ಒಂದೊಂದು ಶಾಲು, ಒಂದೊಂದು ಪುಸ್ತಕ ಹಿಡಿದು ಹೋದರು. ಮಾರಾಟವಾದದ್ದು ಎರಡು, ಒಂದು ನನ್ನದೇ. ಉಳಿದ ಕಟ್ಟುಗಳನ್ನು ಆಟೋಗೆ ಹಾಕಿ ಮೆಟ್ಟಿಲ ಮೇಲೆ ಮೂವರೂ ಕೂತಾಗ ಭಾನು ಹೆಂಡತಿಯನ್ನು ಕೇಳಿದ, ಯಾಕೆ ನಕ್ಕೆ ಎಂದು. ಅವರು ಕೈಯಲ್ಲಿದ್ದ ಕಾರ್ಡನ್ನು ಮಡಿಸಿದರು.

“ಇಪ್ಪತ್ತೆರಡು ವರ್ಷ ನನ್ನ ಮೇಲೇ ಬರೆದ್ರಿ. ನೀವು ಬರೆದಿದ್ದು ಯಾವ್ದೂ ನಾನು ಮಾಡ್ದೋಳಲ್ಲ. ಯಾರ್ಯಾರ ಮನೆ ಹೆಂಗಸರ್ನೋ ತಂದು ನನ್ನ ಒಲೆ ಮುಂದೆ ನಿಲ್ಸಿದ್ರಿ. ಅದಕ್ಕೆ ಹೆಂಗ್ರೀ ನಗ್ಲಿ? ಇವತ್ತು ನಡೆದಿದ್ದು ನಂದು, ಅದಕ್ಕೆ ನಗು ಬಂತು. ಈ ಕಾರ್ಡಲ್ಲೂ ಊರೋರ ಹೆಸರೆಲ್ಲ ಐತೆ. ನನ್ನದಿಲ್ಲ.”

ಕೋಪವಿರಲಿಲ್ಲ ಆ ಮಾತಿನಲ್ಲಿ, ಬರೀ ದಣಿವಿತ್ತು. ನನಗೆ ತಲೆ ಎತ್ತಲಾಗಲಿಲ್ಲ. ಆ ಹೆಸರುಗಳನ್ನು ಟೈಪು ಮಾಡಿದ ಬೆರಳು ನನ್ನವೇ ಅಲ್ಲವೇ?

ಮೂರು ವಾರ ಭಾನು ಅಂಗಡಿ ಕಡೆ ಬರಲಿಲ್ಲ. ಅಷ್ಟರಲ್ಲಿ ಆ ವಾರಪತ್ರಿಕೆಯೂ ನಿಂತುಹೋಯಿತು. ಆಮೇಲೊಂದು ಮಂಗಳವಾರ ಬಂದು ಸ್ಟೂಲಿನ ಮೇಲೆ ಕೂತು ಕೈಬರಹದ ಒಂದು ಹಾಳೆ ಚಾಚಿದ. ಪತ್ರಿಕೆಯೇ ಇಲ್ಲವಲ್ಲೋ ಎಂದೆ. ಗೊತ್ತು, ಟೈಪು ಮಾಡು ಎಂದ.

‘ನನ್ನ ಹೆಂಡತಿ ಪ್ರಮೋದಾಳ ಕುರ್ಚಿಯನ್ನು ಕಿತ್ತುಕೊಂಡು ನಾವು ಮೂವತ್ತೆರಡು ಜನ ದೊಡ್ಡವರಾದೆವು’ ಎಂದು ಶುರುವಾಗಿತ್ತು. ಟೈಪು ಮಾಡುತ್ತಾ ಮಾಡುತ್ತಾ ನನಗೆ ನಗು ಬಂತು. ಮುಗಿಸಿ, ಎಷ್ಟು ಪ್ರತಿ ತೆಗೆಯಲಿ ಎಂದು ಅಭ್ಯಾಸಬಲದಿಂದ ಕೇಳಿದೆ.

“ಒಂದು ಸಾಕು ಖಲೀಲಣ್ಣ.”