ಯಾನಾ ಲೆಹ್ತೊ ಎಂಬ ಜಯದೇವಿ

ಫಿನ್ನಿಶ್ ಭಾಷೆಯಲ್ಲಿ ‘ಪ್ಲೀಸ್’ ಎಂಬುದಕ್ಕೆ ಸರಿಯಾದ ಪದವೇ ಇಲ್ಲ. ಈ ಒಂದು ಮಾತನ್ನು ಕಲ್ವರ್ ಸಿಟಿಯ ಅನುವಾದದ ಆಫೀಸಿನವರ ತಲೆಗೆ ಹಾಕುವುದರಲ್ಲೇ ಜಯದೇವಿಯ ಒಂದು ವರ್ಷ ಹೋಯಿತು. ಹೇಳಿದಾಗಲೆಲ್ಲ ಅವರು ‘ಓ, ಇಂಟರೆಸ್ಟಿಂಗ್!’ ಎಂದು ಹಲ್ಲು ಬಿಡುವರು. ಮರುವಾರ ಮತ್ತೆ ‘ಈ ಸಾಲಿನಲ್ಲಿ ಪ್ಲೀಸ್ ಬಿಟ್ಟುಹೋಗಿದೆ’ ಎಂದು ಕೆಂಪು ಗುರುತು ಹಾಕಿ ಕಳಿಸುವರು. ಕೋಣನ ಮುಂದೆ ಕಿನ್ನರಿ ಬಾರಿಸಿದರೂ ಅದು ಒಮ್ಮೆ ಕಿವಿಯಾದರೂ ಆಡಿಸೀತು. ಅದರಲ್ಲಿ ಅಂಥ ಸೋಜಿಗವಾದರೂ ಏನಿದೆ? ತನ್ನ ಊರು ವಿಜಯಪುರದ ಯಾವ ಮನೆಯಲ್ಲಿ ಯಾರು ‘ದಯವಿಟ್ಟು ಎರಡು ರೊಟ್ಟಿ ಹಾಕಿರಿ’ ಎಂದು ಕೇಳಿ ಉಂಡಿದ್ದಾರೆ? ದಯವಿಟ್ಟು ಎಂಬುದು ಇರುವುದು ಬಸ್ ನಿಲ್ದಾಣದ ಗೋಡೆಯ ಮೇಲೆ, ಅದೂ ‘ಇಲ್ಲಿ ಉಗುಳಬೇಡಿ’ ಎಂಬುದರ ಹಿಂದೆ.

ಜಯದೇವಿಗೆ ಆಗ ಐವತ್ತರ ಮೇಲೊಂದು ವರ್ಷ. ಗಂಡ ಅಣ್ಣಾಸಾಹೇಬ ಪಾಟೀಲ ಮೊಬೈಲ್ ಕಂಪನಿಗಳ ಎಂಜಿನಿಯರ್. ಕೆಲಸ ಅವನನ್ನು ಮೊದಲು ಫಿನ್‌ಲೆಂಡಿನ ಔಲು ಎಂಬ ಊರಿಗೆ ಎಳೆದೊಯ್ದು ಹನ್ನೊಂದು ವರ್ಷ ಇಟ್ಟುಕೊಂಡಿತ್ತು. ಜೊತೆಗೆ ಹೋದ ಬೇರೆ ಹೆಂಗಸರು ಕಿಟಕಿ ಮುಚ್ಚಿಕೊಂಡು ಸೀರಿಯಲ್ ನೋಡುತ್ತ ಕೂತರೆ, ಜಯದೇವಿ ಒಂದು ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಕೆಲಸಕ್ಕೆ ಸೇರಿದಳು. ಅಲ್ಲಿನ ಮುಖ್ಯ ಅಡುಗೆಯವಳು ದಿನಕ್ಕೆ ಮೂವತ್ತು ಮಾತು ಆಡಿದರೆ ಹೆಚ್ಚು. ಆ ಮೂವತ್ತನ್ನು ಹೆಕ್ಕಿಕೊಂಡು ಜಯದೇವಿ ಭಾಷೆ ಕಟ್ಟಿಕೊಂಡಳು, ಪತ್ರಿಕೆ ಓದಿದಳು, ಕೊನೆಗೆ ಆ ದೇಶದ ಸರಕಾರಿ ಭಾಷಾ ಪರೀಕ್ಷೆಯ ಮೇಲ್ದರ್ಜೆಯನ್ನೂ ಪಾಸು ಮಾಡಿದಳು. ಆಮೇಲೆ ಗಂಡನಿಗೆ ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕು ಅಮೆರಿಕದ ಸ್ಯಾನ್ ಡಿಯಾಗೋಗೆ ಬಂದರು. ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿಲ್ಲ. ಆರು ವರ್ಷ ಯೂನಿವರ್ಸಿಟಿ ಸಿಟಿ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಆಕೆ ‘ಪಾಟೀಲರ ಹೆಂಡತಿ’ಯಾಗಿ ಕೂತಳು.

ಕನ್ನಡ ಸಂಘದ ಊಟದಲ್ಲಿ ಯಾರಾದರೂ ವಿಚಾರಿಸಿ, ಫಿನ್ನಿಶ್ ಬರುತ್ತದೆ ಎಂದು ಗೊತ್ತಾದರೆ ನಗುತ್ತಿದ್ದರು. ‘ಅಯ್ಯೋ ಆಂಟಿ, ಫ್ರೆಂಚಾದ್ರೂ ಕಲೀಬಾರ್ದಿತ್ತಾ!’ ಎಂದಿದ್ದಳು ಸೌಜನ್ಯ ಎಂಬೊಬ್ಬ ಹುಡುಗಿ, ಎರಡು ಸೆಮಿಸ್ಟರ್ ಫ್ರೆಂಚ್ ಓದಿ ‘ಬೋಂಜೂರ್’ ದಾಟದವಳು. ಜಯದೇವಿ ಕೋಸಂಬರಿ ಬಡಿಸಿಕೊಂಡಳು.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಗ್ರೀನ್ ಕಾರ್ಡ್ ಬಂತು. ಅದೇ ತಿಂಗಳು ಆಕೆ ಕಲ್ವರ್ ಸಿಟಿಯ ಒಂದು ಅನುವಾದದ ಕಂಪನಿಗೆ ಅಪ್ಲೈ ಮಾಡಿದಳು. ಮನೆ ಬೆಚ್ಚಗಿಡುವ ಯಂತ್ರಗಳನ್ನು ಮಾರುವ ದೊಡ್ಡ ಅಮೆರಿಕನ್ ಕಂಪನಿಯೊಂದಕ್ಕೆ ಅದರ ಫೋನ್ ಆ್ಯಪಿನ ಇಂಗ್ಲಿಷ್ ಮಾತುಗಳನ್ನೆಲ್ಲ ಫಿನ್ನಿಶ್‌ಗೆ ತರುವ ಕೆಲಸ. ಕಂಪನಿಯವರು ಕೊಟ್ಟ ಪರೀಕ್ಷೆಯ ಕಾಗದದಲ್ಲಿ ಆಕೆಯೇ ಮೊದಲು. ಆಮೇಲೆ ವಿಡಿಯೊ ಕರೆಯಲ್ಲಿ ಆಕೆಯ ಮುಖ ಕಂಡ ಮ್ಯಾನೇಜರ್ ವಿಕ್ರಮ್, ಜಯನಗರದವನು, ಆ ಕಾಗದದ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿಕೊಂಡ. ನಂತರ ಕನ್ನಡಕ್ಕೆ ಇಳಿದ.

‘ಆಂಟಿ, ತಪ್ಪು ತಿಳ್ಕೋಬೇಡಿ. ಕ್ಲೈಂಟಿಗೆ ಫಿನ್ನಿಶ್ ನೇಟಿವ್ಸೇ ಬೇಕಂತೆ. ಜಯದೇವಿ ಪಾಟೀಲ್ ಅಂದ್ರೆ ಫೈಲ್ ಓಪನ್ನೇ ಮಾಡಲ್ಲ ಅವರು. ಸುಮ್ನೆ ಒಂದು ವರ್ಕ್ ನೇಮ್ ಇಟ್ಕೊಳ್ಳೋಣ. ಯಾನಾ ಲೆಹ್ತೊ, ಹೆಂಗಿದೆ? ನಾನೂ ಬೆಂಗಳೂರಲ್ಲಿ ಕಾಲ್ ಸೆಂಟರಲ್ಲಿ ಎರಡು ವರ್ಷ ವಿಕ್ಟರ್ ಆಗಿದ್ದೆ. ಏನಾಯ್ತು? ಏನೂ ಆಗ್ಲಿಲ್ಲ.’

ಏನೂ ಆಗಲಿಲ್ಲವಂತೆ! ವಿಕ್ಟರ್ ಆಗಿ ಹೋದವನು ವಿಕ್ರಮನಾಗಿ ಪೂರ್ತಿ ಮರಳಿ ಬರಲೇ ಇಲ್ಲ ಎಂಬುದು ಅವನಿಗೊಬ್ಬನಿಗೇ ಗೊತ್ತಿಲ್ಲ. ಜಯದೇವಿಗೆ ಮೈ ಉರಿಯಿತು. ಆದರೂ ‘ಆಗ್ಲಿ’ ಎಂದಳು.

ಅಂದಿನಿಂದ ಪ್ರತಿ ಶುಕ್ರವಾರ ಕೆಲಸ ಒಪ್ಪಿಸುವಾಗ ಕೊನೆಗೊಂದು ಸಾಲು ಇರುತ್ತಿತ್ತು: ‘ಹುಟ್ಟಿನಿಂದ ಫಿನ್ನಿಶ್ ಆಡುವ ನಾನು ಇದನ್ನು ಪೂರ್ತಿ ಓದಿ ಒಪ್ಪಿದ್ದೇನೆ.’ ಅದರ ಕೆಳಗೆ ಆಕೆ ಯಾನಾ ಲೆಹ್ತೊ ಎಂದು ಸಹಿ ಹಾಕುವಳು. ಹಾಕಿ, ಚಹಾಕ್ಕೆ ನೀರಿಡುತ್ತ ಆ ಆಫೀಸಿನವರ ಏಳು ತಲೆಮಾರನ್ನು ಜಾಲಾಡುವಳು.

ಜಾಲಾಡುವುದಕ್ಕೆ ಸರಕಿಗೇನು ಬರ? ಯಂತ್ರ ಕೆಟ್ಟರೆ ಇಂಗ್ಲಿಷ್ ಆ್ಯಪು ‘ಊಪ್ಸ್!’ ಎನ್ನುತ್ತದೆ, ಮಗು ಹಾಲು ಚೆಲ್ಲಿದ ಹಾಗೆ. ಹೊರಗೆ ಹಿಮ ಸುರಿಯುತ್ತಿರುವಾಗ ಮನೆ ತಣ್ಣಗಾದವನಿಗೆ ‘ಊಪ್ಸ್’ ಎಂದರೆ ಅವನು ಫೋನನ್ನು ಗೋಡೆಗೆ ಎಸೆದಾನು. ಜಯದೇವಿ ‘ದೋಷ ಉಂಟಾಗಿದೆ’ ಎಂದು ಬರೆದಳು. ‘ನೀವು ನಮ್ಮ ಕುಟುಂಬ ಸೇರಿದ್ದು ನಮಗೆಷ್ಟು ಸಂಭ್ರಮ!’ ಎಂಬ ಇಡೀ ಮೆರವಣಿಗೆಗೆ ‘ಸ್ವಾಗತ’ ಎಂಬ ಒಂದೇ ಮಾತು ಸಾಕಾಯಿತು. ಒಂದು ಸ್ವಿಚ್ಚಿಗೆ ‘ವಿ ಲವ್ ದಿಸ್’ ಎಂದಿದ್ದರು. ಫಿನ್‌ಲೆಂಡಿನ ಜನ ಕಟ್ಟಿಕೊಂಡ ಹೆಂಡತಿಗೇ ಆ ಮಾತನ್ನು ವರ್ಷಕ್ಕೊಮ್ಮೆ ಹೇಳುವುದು ಕಷ್ಟ, ಸ್ವಿಚ್ಚಿಗೆ ಹೇಳುತ್ತಾರೆಯೇ? ತೆಗೆದು ಎಸೆದಳು.

‘ಬಾಯಿ ತುಂಬ ಬೆಲ್ಲ ರೀ ಈ ಮಂದಿಗೆ,’ ಎನ್ನುವಳು ಗಂಡನಿಗೆ. ‘ಹೌ ಆರ್ ಯೂ ಅಂತ ಕೇಳ್ತಾರ, ಉತ್ತರ ಹೇಳೂದ್ರಾಗ ದಾಟಿ ಹೋಗಿರ್ತಾರ. ಒಂದ ಮಾತರ ಖರೇ ಐತೇನು? ಸುಳ್ಳಿನ ಸಂತಿ.’

ಅಣ್ಣಾಸಾಹೇಬ ಹ್ಞೂಂ ಎಂದು ಚಹಾ ಕುಡಿಯುವನು. ಎದುರಾಡಿದರೆ ಅವನ ಏಳು ತಲೆಮಾರೂ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು.

ಇಪ್ಪತ್ನಾಲ್ಕರ ಮಾರ್ಚಿನಲ್ಲಿ ಆ ಯಂತ್ರದ ಕಂಪನಿಯ ಹೆಲ್ಸಿಂಕಿ ಶಾಖೆಯಿಂದ ಮೂರು ಸಾಲಿನ ಪತ್ರ ಬಂತು. ಬರೆದವಳು ರಿತ್ವಾ ಎಂಬ ಮುಖ್ಯಸ್ಥೆ. ಕೆಲಸ ಸರಿಯಾಗಿದೆ. ಮುಂದಿನ ತಿಂಗಳು ಕ್ಯಾಲಿಫೋರ್ನಿಯಾಕ್ಕೆ ಬರುತ್ತೇನೆ. ಯಾನಾ ಲೆಹ್ತೊ ಒಪ್ಪಿದರೆ ನಮ್ಮ ಫಿನ್ನಿಶ್ ಬರಹದ ಪೂರ್ತಿ ಜವಾಬ್ದಾರಿ ಅವರಿಗೇ ವಹಿಸಬೇಕೆಂದಿದೆ.

ಜಯದೇವಿ ಅದನ್ನು ನಿಂತುಕೊಂಡೇ ನಾಲ್ಕು ಸಲ ಓದಿದಳು. ಔಲುವಿನಲ್ಲಿ ಅಡುಗೆಮನೆಯ ಸಹಾಯಕಿ, ಇಲ್ಲಿ ಗಂಡನ ವೀಸಾದ ಬಾಲ. ಬಾಗಿಲ ಮೇಲೆ ತನ್ನ ಹೆಸರು ಬರೆದಿರುವ ಕೆಲಸವೊಂದು ಜೀವಮಾನದಲ್ಲಿ ಮೊದಲ ಸಲ ಕೈಗೆಟಕುವ ದೂರದಲ್ಲಿತ್ತು. ಆಕೆಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಅಂದು ಯಾರನ್ನೂ ಬೈಯಲಿಲ್ಲ.

ವಿಕ್ರಮ್ ಸುಮ್ಮನೆ ಕೂರುವ ಗಿರಾಕಿಯೇ? ಕೂಡಲೇ ಫೋನು ಮಾಡಿದ. ‘ಆಂಟಿ, ಟೆನ್ಷನ್ ಬೇಡ, ಐಡಿಯಾ ಇದೆ. ನಮ್ಮ ರಿಸೆಪ್ಷನ್ ಹುಡುಗಿ ಕೆಲ್ಲಿ ಇದಾಳಲ್ಲ, ಅವಳ ಮುತ್ತಜ್ಜಿ ಫಿನ್‌ಲೆಂಡ್‌ನೋಳಂತೆ. ಕೂದ್ಲೂ ಹಂಗೇ ಇದೆ. ಅವಳೇ ಯಾನಾ ಅಂತ ಕೂತ್ಕೋತಾಳೆ. ನೀವು ಅಸಿಸ್ಟೆಂಟ್ ಅಂತ ಪಕ್ಕದಲ್ಲಿರಿ. ರಿತ್ವಾ ಫಿನ್ನಿಶ್‌ನಲ್ಲಿ ಏನಾದ್ರೂ ಕೇಳಿದ್ರೆ, ಗಂಟಲು ನೋವು ಅಂತೀವಿ.’

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಜಯದೇವಿ ‘ಬರ್ತೀನಿ ತಮ್ಮಾ’ ಎಂದಷ್ಟೇ ಹೇಳಿ ಫೋನಿಟ್ಟಳು. ಮನಸ್ಸಿನಲ್ಲಿ ಬೇರೆಯೇ ನಿಶ್ಚಯವಾಗಿತ್ತು. ಗಂಡನಿಗೆ ಹೇಳಿದಳು: ‘ಆವತ್ತ ರಜಾ ತಗೋರಿ, ನನ್ನ ಕರಕೊಂಡು ಹೋಗ್ರಿ. ನನ್ನ ಹೆಸರ ತಿರುಗಿ ತಗೊಂಡ ಬರ್ತೀನಿ.’

ಆ ದಿನ ಇಳಕಲ್ ಸೀರೆ ಉಟ್ಟು, ಬೆಳಗ್ಗೆ ಏಳಕ್ಕೇ ಕಾರು ಹತ್ತಿದಳು. ಮೂರು ಗಂಟೆಯ ಟ್ರಾಫಿಕ್ ದಾಟಿ ಕಲ್ವರ್ ಸಿಟಿ ಮುಟ್ಟಿದಾಗ ಅಣ್ಣಾಸಾಹೇಬ ಪಾರ್ಕಿಂಗ್‌ನಲ್ಲೇ ಉಳಿದ. ಒಳಗೆ ಕೆಲ್ಲಿ ಕುತ್ತಿಗೆಗೆ ಸ್ಕಾರ್ಫು ಸುತ್ತಿಕೊಂಡು ಗಂಟಲು ನೋವಿನ ತಯಾರಿಯಲ್ಲಿ ಕೂತಿದ್ದಳು. ರಿತ್ವಾ ಬಂದಳು: ಅರವತ್ತರ ಹತ್ತಿರದವಳು, ಮಾಸಲು ಕೋಟು, ನಗು ಇಲ್ಲ. ಕೆಲ್ಲಿಯ ಕೈಕುಲುಕಿ ಫಿನ್ನಿಶ್‌ನಲ್ಲಿ ಕೇಳಿದಳು, ‘ಆ ಊಪ್ಸ್‌ಗಳನ್ನೆಲ್ಲ ತೆಗೆದದ್ದು ನೀವೇನಾ?’

ಕೆಲ್ಲಿ ಗಂಟಲು ಮುಟ್ಟಿಕೊಂಡು ನಕ್ಕಳು. ಗಂಟಲು ನೋವಿದ್ದವಳು ಇಷ್ಟು ನಗಬಾರದು ಎಂಬುದನ್ನು ಆ ಪೆದ್ದಿಗೆ ಯಾರೂ ಹೇಳಿರಲಿಲ್ಲ.

‘ತೆಗೆದದ್ದು ನಾನು,’ ಎಂದಳು ಜಯದೇವಿ, ಅದೇ ಭಾಷೆಯಲ್ಲಿ, ಔಲುವಿನ ಅಡುಗೆಮನೆಯ ಧಾಟಿಯಲ್ಲಿ.

ರಿತ್ವಾ ಸೀರೆ ನೋಡಲಿಲ್ಲ, ಕುಂಕುಮ ನೋಡಲಿಲ್ಲ, ‘ಅಬ್ಬಾ, ಎಲ್ಲಿ ಕಲಿತಿರಿ’ ಎನ್ನಲಿಲ್ಲ. ಕುರ್ಚಿಯನ್ನು ಜಯದೇವಿಯ ಕಡೆಗೆ ತಿರುಗಿಸಿ ಲ್ಯಾಪ್‌ಟಾಪ್ ತೆರೆದಳು. ಇಬ್ಬರೂ ಮುಕ್ಕಾಲು ಗಂಟೆ ಸಾಲು ಸಾಲನ್ನೂ ಹಿಡಿದು ಜಗ್ಗಿದರು. ಎರಡು ಕಡೆ ರಿತ್ವಾ ತಪ್ಪು ತೋರಿಸಿದಳು, ಒಂದನ್ನು ಜಯದೇವಿ ಒಪ್ಪಿಕೊಂಡಳು, ಇನ್ನೊಂದಕ್ಕೆ ಜಗಳಾಡಿ ಗೆದ್ದಳು. ಇಷ್ಟು ವರ್ಷದಲ್ಲಿ ಯಾರೂ ಆಕೆಯ ಜೊತೆ ಹೀಗೆ ಸಮಕ್ಕೆ ಸಮ ಕೂತು ಜಗಳಾಡಿರಲಿಲ್ಲ. ಜಯದೇವಿಯ ಎದೆ ತುಂಬಿ ಬಂತು. ವಿಕ್ರಮ್ ಮೂಲೆಯಲ್ಲಿ ನಿಂತು ಹಲ್ಲಿಯಂತೆ ಲೊಚಗುಟ್ಟುತ್ತಿದ್ದ.

‘ಹಾಗಾದರೆ ಯಾನಾ ಲೆಹ್ತೊ ಯಾರು?’ ಎಂದು ಕೊನೆಗೆ ಕೇಳಿದಳು ರಿತ್ವಾ.

‘ಅಂಥವರು ಯಾರೂ ಇಲ್ಲ. ನನ್ನ ಹೆಸರು ಜಯದೇವಿ ಪಾಟೀಲ. ಈ ಕೆಲಸ ಪೂರ್ತಿ ನನ್ನದು.’

ರಿತ್ವಾ ಶುಕ್ರವಾರದ ಕಾಗದವೊಂದನ್ನು ತೆರೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ‘ಹುಟ್ಟಿನಿಂದ ಆಡುವವಳು ಎಂದಿದೆ. ಸಹಿ ಇದೆ. ಇದನ್ನು ಹಾಕಿದವರು?’

‘ನಾನು. ಇವರು ಹಾಕಲು ಹೇಳಿದರು,’ ಎಂದು ಜಯದೇವಿ ವಿಕ್ರಮ್‌ನತ್ತ ಕೈ ತೋರಿಸಿದಳು.

‘ಇವರು ಯಾಕೆ ಹೇಳಿದರು ಅಂತ ನಾನು ಕೇಳಲಿಲ್ಲ. ನೀವು ಯಾಕೆ ಹಾಕಿದಿರಿ?’

ಜಯದೇವಿ ಆ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು.

‘ಹುಟ್ಟಿನಿಂದ ಆಡದಿದ್ದರೂ ನನಗೆ ಅಡ್ಡಿ ಇರಲಿಲ್ಲ,’ ಎಂದಳು ರಿತ್ವಾ, ದನಿ ಏರಿಸದೆ. ‘ಮೊದಲ ವಾರ ನಿಮ್ಮ ಹೆಸರಿನಲ್ಲೇ ಕಳಿಸಿದ್ದರೆ ಓದಿ ನೋಡುತ್ತಿದ್ದೆ. ಕೆಲಸ ಒಳ್ಳೆಯದು. ಆದರೆ ಮೂರು ವರ್ಷ ಪ್ರತಿ ವಾರ ಇಲ್ಲದ್ದಕ್ಕೆ ಸಹಿ ಹಾಕಿದವರಿಗೆ ನಾನು ಜವಾಬ್ದಾರಿ ಕೊಡಲಾರೆ. ಈ ಆಫೀಸಿಗೂ ಕೊಡಲಾರೆ.’ ಎದ್ದು ಜಯದೇವಿಯ ಕೈ ಗಟ್ಟಿಯಾಗಿ ಕುಲುಕಿದಳು. ಕಾಫಿಗೆ ಧನ್ಯವಾದ ಹೇಳಿ ಹೊರಟುಹೋದಳು.

‘ನೋಡಿ ಆಂಟಿ, ಸುಮ್ನೆ ಇದ್ದಿದ್ರೆ ಎಲ್ಲಾ ಸರಿ ಹೋಗ್ತಿತ್ತು,’ ಎಂದ ವಿಕ್ರಮ್. ಜಯದೇವಿ ಸೆರಗು ಸರಿಮಾಡಿಕೊಂಡು ಪಾರ್ಕಿಂಗ್ ಕಡೆಗೆ ನಡೆದಳು.

ಕಾರು ಫ್ರೀವೇ ಹತ್ತಿದ ಮೇಲೆ ಆಕೆ ಗಂಡನಿಗೆ ಎಲ್ಲ ಹೇಳಿದಳು. ಅಣ್ಣಾಸಾಹೇಬ ಸ್ಟಿಯರಿಂಗ್ ಗುದ್ದಿದ.

‘ಏನ ಸೊಕ್ಕು ನೋಡ ಆಕಿದು! ಒಂದ ಸಹಿಗೆ ಇಷ್ಟ ರಾದ್ಧಾಂತೇನು? ಹೊಟ್ಟಿಪಾಡಿಗೆ ಎಲ್ಲಾರೂ ಹಾಕ್ತಾರ. ಆ ವಿಕ್ರಮ್ ಹಲ್ಕಟ್, ನಿನ್ನ ಹೆಸರ ಕಸಗೊಂಡ. ನಿಂದೇನ ತಪ್ಪೈತಿ?’

ಇಷ್ಟು ವರ್ಷ ಆಕೆ ಆಡಿದ್ದ ಬೈಗುಳಗಳನ್ನೇ ಅವನು ಆಕೆಯ ಪರವಾಗಿ ಒಂದೊಂದಾಗಿ ಆಡುತ್ತಿದ್ದ. ಜಯದೇವಿಗೆ ಅವು ಕೇಳಲಾಗಲಿಲ್ಲ.

‘ಸುಮ್ಮನಿರ್ರಿ,’ ಎಂದಳು. ‘ನಮಗ ಹೊಟ್ಟಿಪಾಡ ಎಲ್ಲಿತ್ತರೀ? ನೀವು ದುಡೀತಿದ್ರಿ, ಮನ್ಯಾಗ ಉಣ್ಣಾಕಿತ್ತು. ಬ್ಯಾಡ ಅಂದಿದ್ರ ಒಂದ ಕೆಲಸ ಹೋಗ್ತಿತ್ತು, ಅಷ್ಟ. ಹೆಸರ ಅವ ಕಸಗೊಳ್ಳಲಿಲ್ಲ. ನಾನ ಕೊಟ್ಟೆ. ಕೇಳಿದ ಕೂಡ್ಲೆ, ಎರಡ ಮಾತ ಆಡದ, ಕೊಟ್ಟಬಿಟ್ಟೆ.’

ಜಯದೇವಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು, ನಡುದಾರಿಯ ಅರ್ವೈನ್ ದಾಟುವವರೆಗೂ ಬಿಕ್ಕಿ ಬಿಕ್ಕಿ ಅತ್ತಳು.