ಮಾಂಯ್ ದಾಟದ ಗಡಿ

ರಜೆ ಎಂದರೆ ನಮ್ಮ ಮನೆಯಲ್ಲಿ ಮೊದಲು ಹುಚ್ಚು ಹಿಡಿಯುವುದು ನನಗೆ. ಈದ್ ರಜೆಗೆ ಗಡಿ ದಾಟಿ ಒಮಾನಿನ ಬುರೈಮಿಗೆ ಹೋಗಿ ಬರೋಣ ಎಂದು ನಾನು ಹೇಳಿದ್ದು ಗುರುವಾರ ಸಂಜೆ. ಶನಿವಾರ ಬೆಳಗ್ಗೆ ಐದೂವರೆಗೆ ಅಬುಧಾಬಿಯ ಬನಿಯಾಸಿನ ನಮ್ಮ ಮನೆಯ ಕೆಳಗೆ ಕಾರು ಡಿಕ್ಕಿ ತೆರೆದುಕೊಂಡು ನಿಂತಿತ್ತು. ಡಿಕ್ಕಿಯಲ್ಲಿ ಒಂದು ಕರವಸ್ತ್ರವನ್ನೂ ಇಡಬಾರದು ಎಂಬುದು ನನ್ನ ಆಜ್ಞೆ. ಬರುವಾಗ ಅಲ್ಲಿ ಕಂಬಳಿ ತುಂಬಬೇಕಿತ್ತಲ್ಲ. ಹಾಗಾಗಿ ಗೋಳಿಬಜೆಯ ಡಬ್ಬಿ, ಚಹಾದ ಥರ್ಮಸ್ಸು, ನೀರಿನ ಬಾಟಲಿ, ಚಾಪೆ ಎಲ್ಲವೂ ಹಿಂದಿನ ಸೀಟಿನವರ ಕಾಲಡಿಗೆ ಹೋದವು. ಹಿಂದೆ ಕೂತವರು ಮೂವರು: ಹದಿಮೂರರ ಮಗ, ಎಂಟರ ಮಗಳು, ಇಬ್ಬರ ನಡುವೆ ನನ್ನ ಅತ್ತೆ.

ಅತ್ತೆ ಊರಿನಿಂದ ಬಂದು ತಿಂಗಳಾಗಿತ್ತು. ನಾವು ಉಡುಪಿ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ, ಅವರನ್ನು ನಾನು ಕರೆಯುವುದು ಮಾಂಯ್ ಎಂದು. ಅವರು ಬಂದದ್ದು ಮೊಮ್ಮಗಳ ಮೊದಲ ಪರಮಪ್ರಸಾದಕ್ಕೆ, ಚರ್ಚಿನಲ್ಲಿ ಮಕ್ಕಳು ಮೊದಲ ಸಲ ಕಮ್ಯುನಿಯನ್ ತೆಗೆದುಕೊಳ್ಳುವ ಹಬ್ಬಕ್ಕೆ. ಅದಕ್ಕಿನ್ನು ಮೂರೇ ವಾರ. ಮೊಮ್ಮಗನ ಪರಮಪ್ರಸಾದದ ಹೊತ್ತಿಗೆ ಕೊರೊನಾ ಬಂದು ಮಾಂಯ್‌ಗೆ ಬರಲಾಗದೆ, ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ಅದರ ಮುಂದೆ ಮಂಡಿಯೂರಿ ಪೂಜೆ ನೋಡಿದ್ದರು. "ಇವಳದ್ದಕ್ಕೆ ನಾನು ಮೊದಲನೇ ಬೆಂಚಲ್ಲಿ ಕೂತ್ಕೊಳ್ಳುವುದು. ಯಾರು ಏಳಿ ಅಂದ್ರೂ ಏಳ್ಲಿಕ್ಕಿಲ್ಲ" ಎಂದು ಬಂದ ದಿನವೇ ಹೇಳಿಬಿಟ್ಟಿದ್ದರು. ಬಿಳಿ ಫ್ರಾಕಿನ ಅಂಚಿಗೆ ಮುತ್ತು ಹೊಲಿಯುವ ಕೆಲಸವನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ನಾನು ಮುಸಫ್ಫಾದ ಒಂದು ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡುವವಳು. ವೀಸಾ, ಐಡಿ, ಬಾಡಿಗೆ ಕರಾರು, ಏನೇ ಇರಲಿ, ಅರ್ಜಿ ತುಂಬಿಕೊಡುವ ಅಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ. ವೆಲ್ಡರಿನಿಂದ ಮ್ಯಾನೇಜರ್‌ವರೆಗೆ ಎಲ್ಲರೂ ನನ್ನ ಮೇಜಿನ ಮುಂದೆ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕೈಕಟ್ಟಿ ಕೂರುವುದನ್ನು ನೋಡಿ ನೋಡಿ ನನಗೆ ಎರಡು ಕೊಂಬು ಬಂದಿದ್ದವು. ಕಾರು ಹತ್ತುವ ಮೊದಲು ಗಂಡ, "ಅಮ್ಮನ ಕಾಗದ ಎಲ್ಲ ಸರಿ ಉಂಟಲ್ಲ?" ಎಂದು ಕೇಳಿದ್ದೇ ತಪ್ಪಾಯಿತು. "ನನಗೆ ಹೇಳ್ತೀರಾ? ದಿನಕ್ಕೆ ನಲ್ವತ್ತು ಜನರ ಕಾಗದ ನೋಡುವವಳು ನಾನು" ಎಂದೆ. ಪಾಪ, ಹೋಗಿ ಸ್ಟೇರಿಂಗ್ ಹಿಡಿದರು.

ಅಲ್ ಐನ್ ದಾರಿಯುದ್ದಕ್ಕೂ ಕಾರಿನಲ್ಲಿ ಸಂತೆ. ಮಕ್ಕಳು ಒಂಟೆ ಎಣಿಸಿದರು, ಹಾಡಿದರು, ಜಗಳ ಮಾಡಿದರು. ಮಾಂಯ್ ಊರಿನ ನೆರೆಮನೆಯಾಕೆಗೆ ಧ್ವನಿ ಸಂದೇಶ ಕಳಿಸಿದರು: "ಕೇಳು, ನಾನು ಒಂದೇ ಟಿಕೇಟಲ್ಲಿ ಎರಡು ದೇಶ ನೋಡಿ ಬರ್ತೇನೆ." ಆಮೇಲೆ ಪಟ್ಟಿ ಓದಿದರು. ನಾದಿನಿಯರಿಗೂ ನೆರೆಮನೆಯಾಕೆಗೂ ಸೇರಿ ದಪ್ಪ ಕಂಬಳಿ ನಾಲ್ಕು. ಊರಿನ ಇಗರ್ಜಿಗೆ ಒಮಾನಿನ ಒಳ್ಳೆಯ ಧೂಪ. ಹಲ್ವಾ, ಅದು ಮಕ್ಕಳ ಒತ್ತಾಯ. ಚೌಕಾಸಿಯಲ್ಲಿ ಮಾಂಯ್ ಪಳಗಿದ ಕೈ. ಊರಿನ ಮಾರ್ಕೆಟ್ಟಿನಲ್ಲಿ ಅವರು ಬರುವುದು ಕಂಡರೆ ಮೀನು ಮಾರುವ ಹೆಂಗಸರು ಅಂಜಲಿನ ಮೇಲೆ ಗೋಣಿ ಎಳೆಯುತ್ತಿದ್ದರಂತೆ. ಬುರೈಮಿಯ ಅಂಗಡಿಯವರನ್ನು ನೆನೆದು ನನಗೆ ಈಗಲೇ ಕನಿಕರ ಹುಟ್ಟಿತ್ತು.

ಗಡಿ ಠಾಣೆಯಲ್ಲಿ ಇಡೀ ಎಮಿರೇಟ್ಸೇ ಬಂದು ನಿಂತಂತಿತ್ತು. ಗಂಡ ಮಕ್ಕಳನ್ನು ಕರೆದುಕೊಂಡು, ಕಾರಿನ ವಿಮೆಯ ಕಾಗದ ಹಿಡಿದು ಒಂದು ಸಾಲಿಗೆ ಹೋದರು. ಹೆಂಗಸರ ಸಾಲು ಚಿಕ್ಕದಿತ್ತು. ನಾನು ಮಾಂಯ್ ಕೈ ಹಿಡಿದು ಅಲ್ಲಿ ನುಗ್ಗಿದೆ. ಗಾಜಿನಾಚೆ ಚಿಕ್ಕ ವಯಸ್ಸಿನ ಅಧಿಕಾರಿ ಹುಡುಗಿ, ಕಪ್ಪು ಅಬಾಯ, ನಗುಮುಖ. ಮಾಂಯ್ ಪಾಸ್‌ಪೋರ್ಟ್ ತಿರುವುತ್ತಾ, "ಮಾಮಾ ವಿಸಿಟ್ ವೀಸಾ? ಖಲಾಸ್? ಗೋಯಿಂಗ್ ಇಂಡಿಯಾ?" ಎಂದಳು; ಇಲ್ಲಿ ಮಾಮಾ ಎಂದರೆ ಅಮ್ಮ. ನನ್ನ ಕಣ್ಣು ಪಕ್ಕದ ಸಾಲಿನಲ್ಲಿತ್ತು. ಗಂಡ ನನಗಿಂತ ಮುಂದೆ ಹೋಗಬಾರದು ಎಂಬ ಹಟ. "ಯೆಸ್, ಯೆಸ್ ಮೇಡಂ, ಯಲ್ಲಾ" ಎಂದು ಅವಸರಿಸಿಬಿಟ್ಟೆ.

ಆಗ ಮಾಂಯ್ ಗಾಜಿನ ಕೆಳಗಿನ ಕಿಂಡಿಯಲ್ಲಿ ಕೈ ತೂರಿಸಿ ತಮ್ಮ ಪಾಸ್‌ಪೋರ್ಟಿನ ಮೇಲೆ ಅಂಗೈ ಇಟ್ಟರು. "ಮಾಫಿ ಖಲಾಸ್" ಎಂದರು. "ಮಾಫಿ ಇಂಡಿಯಾ. ಚರ್ಚ್. ಬೇಬಿ." ನಮ್ಮ ಅಡುಗೆಮನೆಯಲ್ಲಿ ಗ್ಯಾಸು ಮುಗಿದರೆ ಖಲಾಸ್, ಹಾಲು ಇಲ್ಲದಿದ್ದರೆ ಮಾಫಿ. ಅಷ್ಟು ಅರಬ್ಬಿ ಒಂದು ತಿಂಗಳಲ್ಲಿ ಅವರಿಗೆ ಬಂದಿತ್ತು.

ಹುಡುಗಿ ತನ್ನ ಕೈ ತಡೆದಳು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ಇದು ಸಿಂಗಲ್ ಎಂಟ್ರಿ, ಒಂದು ಸಲ ಹೊರಗೆ ಹೋದರೆ ಈ ವೀಸಾ ಮುಗಿಯಿತು, ಇದರಲ್ಲಿ ವಾಪಸ್ ಬರುವಂತಿಲ್ಲ. "ನೋ ಮೇಡಂ, ಮಲ್ಟಿಪಲ್" ಎಂದು ನಾನು ದನಿ ಏರಿಸಿದೆ. ಅವಳು ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು.

ಅಲ್ಲಿ ಸಿಂಗಲ್ ಎಂದೇ ಇತ್ತು. ಆ ಅರ್ಜಿ ತುಂಬಿದ್ದು ನಾನೇ. ಸಿಂಗಲ್ಲಾ ಮಲ್ಟಿಪಲ್ಲಾ ಎಂದು ಬಂದವರನ್ನೆಲ್ಲ ಕೇಳಿಯೇ ನಾನು ಮುಂದಿನ ಸಾಲಿಗೆ ಹೋಗುವುದು. ಅತ್ತೆಯ ಅರ್ಜಿಯ ದಿನ ಮಾತ್ರ ಯಾರನ್ನೂ ಕೇಳಲಿಲ್ಲ. ಮಂಡಿನೋವಿನ ಹೆಂಗಸು, ಚರ್ಚಿಗೂ ಅಡುಗೆಮನೆಗೂ ಓಡಾಡಿಕೊಂಡಿರುತ್ತಾರೆ, ಇವರೆಲ್ಲಿ ಹೋಗಲಿಕ್ಕುಂಟು ಎಂದುಕೊಂಡು ಸಿಂಗಲ್ ಒತ್ತಿದ್ದೆ. ಆಮೇಲೆ ಅದು ನೆನಪಿನಿಂದಲೂ ಹೋಗಿತ್ತು. ಈಗ ಆ ಹುಡುಗಿ ಇನ್ನೊಂದು ಗುಂಡಿ ಒತ್ತಿದ್ದರೆ ಮಾಂಯ್ ಒಮಾನಿನಲ್ಲಿ, ಮೊದಲನೇ ಬೆಂಚು ಖಾಲಿ. ಹೊಸ ವೀಸಾ ಮೂರು ವಾರದೊಳಗೆ ಬರುತ್ತಿತ್ತೋ ಇಲ್ಲವೋ, ಆ ಈದ್ ಗದ್ದಲದಲ್ಲಿ ಯಾರು ಬಲ್ಲರು.

ಹೊರಗೆ ಬಂದು ಅರ್ಧಂಬರ್ಧ ವಿವರಿಸಿದೆ. ಮಾಂಯ್ ಕೇಳಿಸಿಕೊಂಡರು. "ಕಂಪ್ಯೂಟರಿನ ತಪ್ಪು, ಅಲ್ವಾ? ಆಗ್ತದೆ" ಎಂದರು. ನಾನು ಹೂಂ ಎಂದೆ. ಎಷ್ಟು ಸಲೀಸಾಗಿ ಹೂಂ ಎಂದೆನೆಂದು ಈಗ ನೆನೆದರೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಗಂಡ ಮಕ್ಕಳೊಂದಿಗೆ ಬಂದರು, ಅವರದೆಲ್ಲ ಮುಗಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾಂಯ್, "ನನಗೆ ತಲೆ ತಿರುಗ್ತಾ ಉಂಟು ಮಗಾ, ನಾನು ಬರುವುದಿಲ್ಲ. ಇವಳು ನನ್ನೊಟ್ಟಿಗೆ ಇರ್ಲಿ. ನೀವು ಮೂವರು ಹೋಗಿ ಕಂಬಳಿ ತನ್ನಿ" ಎಂದರು.

"ಎಂತದಮ್ಮಾ, ಎರಡು ದೇಶ ಎರಡು ದೇಶ ಅಂತ ಊರಿಗೆಲ್ಲ ಡಂಗುರ ಹೊಡೆದು ಬಾಗಿಲಲ್ಲಿ ಹೆದರಿದ್ಯಾ?" ಎಂದು ಗಂಡ ನಕ್ಕರು.

"ಹೆದರಿದೆ. ಹೋಗು" ಎಂದರು ಮಾಂಯ್. ನನ್ನ ಕಡೆ ನೋಡಲೂ ಇಲ್ಲ.

ನಾವಿಬ್ಬರೂ ಟ್ಯಾಕ್ಸಿ ಹಿಡಿದು ಹತ್ತಿರದ ಪಾರ್ಕಿಗೆ ಹೋಗಿ ಕಾರಿನಿಂದ ತಂದ ಚಾಪೆಯನ್ನು ಮರದ ನೆರಳಿನಲ್ಲಿ ಹಾಸಿದೆವು. ಗೋಳಿಬಜೆಯ ಡಬ್ಬಿಯನ್ನೂ ಮಾಂಯ್ ಮರೆಯದೆ ಇಳಿಸಿಕೊಂಡಿದ್ದರು. ಸಪ್ಪೆ ಮೋರೆ ಹಾಕಿಕೊಂಡು ಕೂರುವ ದಿನ ಎಂದುಕೊಂಡೆ. ಆದರೆ ಹನ್ನೊಂದಕ್ಕೆ ಫೋನು ಟಿಣ್ ಎಂದಿತು. ಗಂಡ ಕಂಬಳಿಯ ಫೋಟೋ ಕಳಿಸಿದ್ದರು, ಕೆಳಗೆ ಬೆಲೆ, ಅದರ ಕೆಳಗೆ "ತಗೊಳ್ಳಲಾ?" ನನ್ನ ಗಂಡ ಅಂಗಡಿಯವನು ಹೇಳಿದ ಬೆಲೆಯನ್ನೇ ಕೊಟ್ಟು ಮೇಲೆ ಥ್ಯಾಂಕ್ಯೂ ಹೇಳಿ ಬರುವ ಜಾತಿ.

"ಕೊಡು ಇಲ್ಲಿ" ಎಂದು ಮಾಂಯ್ ನನ್ನ ಕೈಯಿಂದ ಫೋನು ಕಸಿದರು. ಅಂಗಡಿಯವ ಕಾಸರಗೋಡಿನವನು, ತುಳು ಬರುತ್ತದೆ ಎಂದು ತಿಳಿದದ್ದೇ ತಡ, ಅವನಿಗೇ ಧ್ವನಿ ಸಂದೇಶ ಹೋಯಿತು. ಅಂಗಡಿಯ ವೈಫೈನಲ್ಲಿ ಗಂಡ ಅದನ್ನು ಅವನಿಗೆ ಕೇಳಿಸುವುದು, ಅವನ ಉತ್ತರವನ್ನು ಇಲ್ಲಿಗೆ ಕಳಿಸುವುದು. ಅವನು, "ಅಮ್ಮಾ, ಇದು ಕೊರಿಯಾದ ಮಾಲು" ಎಂದ. ಮಾಂಯ್, "ಕೊರಿಯಾದ್ದಾದ್ರೆ ಅದರ ಅಂಚಿನ ಹೊಲಿಗೆ ಯಾಕೆ ಬಿಟ್ಟಿದೆ? ಮಗಾ, ಹತ್ತಿರದಿಂದ ಫೋಟೋ ತೆಗಿ" ಎಂದರು. ಹೊಲಿಗೆ ಬಿಟ್ಟಿದ್ದದ್ದು ಅವರಿಗೆ ಆ ಫೋಟೋದಲ್ಲಿ ಎಲ್ಲಿ ಕಂಡಿತೋ ದೇವರೇ ಬಲ್ಲ. ಆದರೆ ಬಿಟ್ಟಿತ್ತು.

ಮಾಂಯ್ ಎದ್ದು ನಿಂತರು. ಮಂಡಿನೋವಿನ ಹೆಂಗಸು ಫೋನನ್ನು ತುಟಿಗೆ ಹಿಡಿದು ಮರದ ಸುತ್ತ ತಿರುಗತೊಡಗಿದರು. ಪಕ್ಕದ ಚಾಪೆಯ ಪಾಕಿಸ್ತಾನಿ ಕುಟುಂಬ ಊಟ ಬಿಟ್ಟು ನಮ್ಮನ್ನೇ ನೋಡುತ್ತಿತ್ತು. ಭಾಷೆ ಬಾರದಿದ್ದರೂ ವ್ಯಾಪಾರ ಎಂದು ಅವರಿಗೆ ತಿಳಿದುಹೋಗಿತ್ತು. ಮೂರು ಸಲ ಇಳಿದ ಬೆಲೆ ಅಲ್ಲೇ ಬಿಗಿಯಾಗಿ ನಿಂತಿತು. ಮಾಂಯ್ ಕೊನೆಯ ಅಸ್ತ್ರ ಬಿಟ್ಟರು: "ಮಗಾ, ಕಂಬಳಿ ಅಲ್ಲೇ ಇಡು. ಹೊರಗೆ ನಡಿ. ತಿರುಗಿ ನೋಡ್ಬೇಡ."

ಅಷ್ಟೆ. ಫೋನು ಸತ್ತಂತಾಯಿತು. ಐದು ನಿಮಿಷ, ಹತ್ತು ನಿಮಿಷ. "ಎಲ್ಲಿಗೆ ಹೋದ ಇವನು?" ಎಂದು ಮಾಂಯ್ ಚಡಪಡಿಸಿದರು. ಹೊರಗೆ ನಡೆದವರು ವೈಫೈಯನ್ನೂ ಬಿಟ್ಟು ನಡೆದಿದ್ದಾರೆ ಎಂದು ಹೊಳೆದಾಗ ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ ಆಗಲಿಲ್ಲ. ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವು ಹಾಗೆ ನಕ್ಕದ್ದು ಅದೇ ಮೊದಲು. ಮುಕ್ಕಾಲು ಗಂಟೆಯ ಮೇಲೆ ಫೋಟೋ ಬಂತು: ನಾಲ್ಕು ಕಂಬಳಿಯ ಅಟ್ಟಿ, ಅದರ ಮೇಲೆ ಕೂತ ಮಗಳು, ಪಕ್ಕದಲ್ಲಿ ಕೈಮುಗಿದ ಅಂಗಡಿಯವ. ಮಾಂಯ್ ಹೇಳಿದ ಬೆಲೆಗೇ ಕೊಟ್ಟಿದ್ದ. ಪಾಕಿಸ್ತಾನಿ ಹೆಂಗಸು ಎದ್ದು ಬಂದು ಮಾಂಯ್‌ಗೆ ಒಂದು ತಟ್ಟೆ ಬಿರಿಯಾನಿ ಕೊಟ್ಟಳು.

ಸಂಜೆ ಕಾರು ನಮ್ಮನ್ನು ಹತ್ತಿಸಿಕೊಂಡು ಬನಿಯಾಸಿಗೆ ತಿರುಗಿತು. ಡಿಕ್ಕಿ ಸಾಲದೆ ಒಂದು ಕಂಬಳಿ ನನ್ನ ಮಡಿಲಿಗೆ ಬಂದಿತ್ತು, ಕಾರೆಲ್ಲ ಧೂಪದ ಪರಿಮಳ. ಮಕ್ಕಳು ಬುರೈಮಿಯ ಕತೆ ಹೇಳಿ ಮುಗಿಸುವಂತಿರಲಿಲ್ಲ. ನಡುವೆ ಮಗಳು, "ಗ್ರ್ಯಾನಿ, ಯೂ ಗಾಟ್ ಸ್ಕೇರ್ಡ್" ಎಂದು ಅಜ್ಜಿಯ ತೋಳು ಚಿವುಟಿದಳು. ಮಗ ದನಿ ನಡುಗಿಸಿ ಅಜ್ಜಿಯನ್ನು ಅಣಕಿಸಿದ. ಗಂಡನೂ ಸೇರಿಕೊಂಡರು, ಇನ್ನು ಪರಮಪ್ರಸಾದದ ಊಟಕ್ಕೆ ಬಂದವರಿಗೆಲ್ಲ ಇದನ್ನೇ ಹೇಳುವುದು ಎಂದರು. ಮಾಂಯ್ ಎಲ್ಲದಕ್ಕೂ ನಗುತ್ತಾ, "ಹೌದು ಮಾರಾಯಾ, ಹೆದರಿದೆ" ಎನ್ನುತ್ತಿದ್ದರು.

ಮೂರನೆಯ ಸಲ ಹಾಗೆಂದಾಗ ನನಗೆ ತಡೆಯಲಾಗಲಿಲ್ಲ. "ಅವರು ಹೆದರ್ಲಿಲ್ಲ" ಎಂದೆ. ಕೌಂಟರಿನಲ್ಲಿ ಆದದ್ದನ್ನೆಲ್ಲ ಹೇಳಿದೆ. ಮಗಳು ಮೆಲ್ಲಗೆ, "ಸೋ ಗ್ರ್ಯಾನಿ ವುಡ್ ಹ್ಯಾವ್ ಮಿಸ್ಡ್ ಮೈ ಕಮ್ಯುನಿಯನ್?" ಎಂದಳು.

"ಕಂಪ್ಯೂಟರಿನ ತಪ್ಪು, ಬಿಡು" ಎಂದರು ಮಾಂಯ್.

"ಅಲ್ಲ ಮಾಂಯ್. ನಾನೇ ಸಿಂಗಲ್ ಹಾಕಿದ್ದು. ಇವರೆಲ್ಲಿ ಹೋಗಲಿಕ್ಕುಂಟು ಅಂತ ಎಣಿಸಿದೆ."

ಹಿಂದೆ ತಿರುಗಿ ನೋಡಿದೆ. ಮಾಂಯ್ ನಗುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತಾ ಮೊಮ್ಮಗಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಕಂಪ್ಯೂಟರಿನ ತಪ್ಪು ಎಂದು ನಂಬಿ, ನನ್ನ ಮಾನ ಉಳಿಸಲು ದಿನವಿಡೀ ನಗೆಪಾಟಲಾದವರಿಗೆ ಈ ಮಾತು ಎಲ್ಲಿ ತಗುಲಿತೆಂದು ನನಗೆ ಕಾಣುತ್ತಿತ್ತು. ತಪ್ಪಾಯಿತು ಎಂದೆ.

"ನಾನೂ ಹಾಗೇ ಎಣಿಸಿದ್ದೆ" ಎಂದರು ಮಾಂಯ್. "ಬರುವಾಗ ನನಗೆ ಎಲ್ಲಿಗೂ ಹೋಗುವ ಆಸೆ ಇರ್ಲಿಲ್ಲ. ಇಲ್ಲಿಗೆ ಬಂದ ಮೇಲೆ ಬಂತು." ಮೊಮ್ಮಗಳ ಕೈ ಬಿಡದೆ ನನ್ನತ್ತ ತಿರುಗಿ ಹೇಳಿದರು: "ಇನ್ನೊಂದು ಸಲ ತುಂಬುವಾಗ ನನ್ನನ್ನು ಕೇಳು."