ಯಂತ್ರಕ್ಕೆ ಕಿವಿಗೊಟ್ಟವನು

ನಮ್ಮ ಯಜಮಾನರು ತೀರಿಕೊಂಡ ವರ್ಷ, ಅವರ ಹಳೆಯ ಕಾಫಿ ಯಂತ್ರ ಕೆಟ್ಟಾಗ ಈ ಮೆಕ್ಯಾನಿಕ್ ಮೊದಲ ಸಲ ಬಂದ. ಸ್ವಿಚ್ ಹಾಕಿ ಯಂತ್ರಕ್ಕೆ ಕಿವಿಯಿಟ್ಟು, "ಸುಮ್ಮನಿರಿ ಅಮ್ಮಾ, ಇದು ಮಾತಾಡ್ತಿದೆ" ಎಂದು ನನ್ನನ್ನೇ ಗದರಿದ. ಬಿಸಿ ತಗುಲಿ ತಗುಲಿ ಅವನ ಬಲಗಿವಿ ಸದಾ ಕೆಂಪು. ಹದಿನೆಂಟು ವರ್ಷದಲ್ಲಿ ವಾಷರು, ಪೈಪು, ಒತ್ತಡದ ಮೀಟರು ಎಲ್ಲ ಹೊಸದಾದವು. "ಬೇರೆ ಯಂತ್ರವನ್ನೇ ತಗೊಳ್ಳಲಾ?" ಎಂದರೆ, "ಹಾಗಾದ್ರೆ ನನ್ನನ್ನೂ ಗುಜರಿಗೆ ಹಾಕಿಬಿಡಿ" ಎಂದು ಮುಖ ಊದಿಸುತ್ತಿದ್ದ. ಮೊಣಕಾಲು ಹಿಡಿದು ಉಸ್ಸಪ್ಪಾ ಎಂದು ಕೂರುವಷ್ಟು ದಣಿದಿದ್ದರೂ ಸದ್ದು ಕೇಳದೆ ಹೊರಟವನಲ್ಲ. ಮೊನ್ನೆ ಹೊಸ ಪಂಪು ಕೂರಿಸಿ ಸ್ವಿಚ್ ಹಾಕಿದ. ಕಪಾಟಿನ ಲೋಟಗಳೆಲ್ಲ ಅದುರುವ ಹಾಗೆ ಅದು ಗುಡುಗಿತು. ಅವನು ಬಲಗಿವಿ ಇಟ್ಟ, ಎಡಗಿವಿ ಇಟ್ಟ, ಕೊನೆಗೆ ಅಂಗೈ ಇಟ್ಟು ನನ್ನ ತುಟಿಗಳನ್ನೇ ನೋಡುತ್ತಾ ಕೇಳಿದ: "ಅಮ್ಮಾ, ಇದು ಏನು ಹೇಳ್ತಿದೆ?"